ಮೂಲಿಮನಿ ಅಕ್ಕ ಬಿಡುತ್ತಿದ್ದ ಅಕ್ಷರ

ನಸುಕಿಗೆ ನಳ ಬಂತು, ಕೊಡ, ಬಕೀಟು, ಬ್ಯಾರಲ್ಲು ತುಂಬಿಕೊಂಡೆ. ರೊಟ್ಟಿ ಬಡಿದೆ. ಮನೆಯವರ ಅಂಗಿಗೆ ಕಿತ್ತುಹೋದ ಗುಂಡಿ ಹಚ್ಚಿದೆ. ಶಾಲೆಯಲ್ಲಿ ಒಂದನೇ ತರಗತಿಯ ಮಕ್ಕಳ ಪಾಟಿ ತೊಳೆಸಿದೆ, ಇಬ್ಬರ ಮೂಗು ಒರೆಸಿದೆ, ಒಬ್ಬಾಕೆಯ ಬಿಚ್ಚಿದ ಜಡೆ ಹೆಣೆದೆ. ಬರುವಾಗ ಮೆಂತ್ಯ ಸೊಪ್ಪಿನ ಸೂಡು ತಂದೆ. ಸಂಜೆ ಗುಡಿಯ ಪಡಸಾಲೆಯಲ್ಲಿ ಹೆಂಗಸರಿಗೆ ಪಾಠ ಮಾಡಿದೆ. ಮುಗಿದ ಮೇಲೆ ಮೂಲಿಮನಿ ಅಕ್ಕನ ಜೊತೆ ಅವಳ ಮನೆಗೆ ಹೋಗಿ ಬಂದೆ.

ಈ ಕೊನೆಯ ಕೆಲಸದ ಸಲುವಾಗಿಯೇ ಇವತ್ತು ಬರೆಯಲು ಕೂತಿದ್ದೇನೆ.

ಇಳಕಲ್ಲಿನ ನಮ್ಮ ಪಕ್ಕದ ಓಣಿಯ ತುದಿಯ ಮೂಲೆಯಲ್ಲಿ ಅವಳ ಮನೆ, ಅದಕ್ಕೇ ಎಲ್ಲರ ಬಾಯಲ್ಲೂ ಮೂಲಿಮನಿ ಅಕ್ಕ. ಗಂಡ ಸೀರೆ ನೇಯುವವರು, ಅವಳು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಿಕೊಡುವವಳು. ಹೋದ ಚಳಿಗಾಲದಲ್ಲಿ ಅವರಿಗೆ ಲಕ್ವಾ ಹೊಡೆಯಿತು. ಕಾಲು ಹೇಗೋ ಚೇತರಿಸಿತು, ಮಾತು ಮರಳಲಿಲ್ಲ. ನೀರು ಬೇಕಾದರೆ ತಂಬಿಗೆ ತೋರಿಸುತ್ತಿದ್ದರು. ಸಿಟ್ಟು ಬಂದರೆ ಗೋಡೆಯ ಕಡೆ ಹೊರಳಿ ಮಲಗುತ್ತಿದ್ದರು. ಮಗಳನ್ನು ಬಾದಾಮಿಗೆ ಕೊಟ್ಟಿದೆ, ಬಂದರೂ ನಾಲ್ಕು ದಿನ ಇದ್ದು ಹೋಗುವವಳು. ಹೀಗಾಗಿ ಮನೆಯಲ್ಲಿ ಇವರಿಬ್ಬರೇ.

ಬಾಗಲಕೋಟೆಯ ದವಾಖಾನೆಯಲ್ಲಿ ಮಾತು ಕಲಿಸುವ ಹುಡುಗಿಯೊಬ್ಬಳು ಅಕ್ಕನಿಗೆ ಹೇಳಿದ್ದಳಂತೆ: ದಿನಾ ಎದುರು ಕೂತು ಅಕ್ಷರ ತೋರಿಸಿ, ನೀವು ಬಾಯಿಬಿಟ್ಟು ಹೇಳಿ, ಅವರು ನಿಮ್ಮ ತುಟಿ ನೋಡಿ ಹೇಳಲಿ. ಬಿಟ್ಟರೆ ಬಿಟ್ಟೇ ಹೋಗುತ್ತದೆ. ಅವರು ಚಿಕ್ಕವರಿದ್ದಾಗ ನಾಲ್ಕನೇ ತರಗತಿ ತನಕ ಓದಿದವರು. ಅಕ್ಕ ಮಾತ್ರ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ.

"ಲಗೂನ ಕಲಸ್ರಿ ಟೀಚರ್," ಅಂದಳು ಬಂದ ಮೊದಲ ದಿನ. "ನನಗ ಬಂದ್ರ ಅವರಿಗೆ ಬರತೈತಿ."

"ಯಾವ ಅಕ್ಷರದಿಂದ ಶುರು ಮಾಡೂಣು? ಡಾಕ್ಟರ್ ಏನರ ಹೇಳ್ಯಾರೇನು?"

ಸೆರಗು ಸರಿಮಾಡಿಕೊಂಡಳು. "ಎಲ್ಲಾ ಕಲಸ್ರಿ. ಅದರಾಗ ಅದೂ ಬರತೈತಲ್ಲ."

ಬೆಳಿಗ್ಗೆ ಆರು ವರ್ಷದವರಿಗೆ, ಸಂಜೆ ಐವತ್ತು ದಾಟಿದವರಿಗೆ ಅದೇ ಅಕ್ಷರ ಕಲಿಸುವವಳು ನಾನು. ಮಕ್ಕಳಿಗೆ ಯಾಕೆ ಅನ್ನುವುದು ಬೇಕಿಲ್ಲ. 'ಆನೆ' ಅಂದರೆ ಆನೆ, ಕೂಗು ಅಂದರೆ ಓಣಿಗೆ ಕೇಳುವಂತೆ ಕೂಗು. ಮುಂಗೈ ಮೇಲೆ ಪೆನ್ನಿನಿಂದ ಒಂದು ಚುಕ್ಕಿ ಬಿಡಿಸಿದರೆ ದಿನವಿಡೀ ಕೈ ತೊಳೆಯುವುದಿಲ್ಲ. ದೀಪಾವಳಿ ರಜೆ ಮುಗಿಸಿ ಬಂದರೆ ಅರ್ಧ ಮರೆತಿರುತ್ತವೆ, ಅದರ ದುಃಖವೂ ಅವಕ್ಕಿಲ್ಲ. ಹೆಂಗಸರು ಹಾಗಲ್ಲ. ದಿನದ ದುಡಿತವೆಲ್ಲ ಬೆನ್ನಲ್ಲಿಟ್ಟುಕೊಂಡು ಬಂದು ಕೂಡುತ್ತಾರೆ. ಒಂದು ತಪ್ಪಾದರೆ "ನಮ್ಮ ತಲಿಗೆ ಇದು ಹತ್ತೂದಿಲ್ಲ ಬಿಡ್ರಿ" ಅಂತ ಸೆರಗು ಕೊಡವಿ ಏಳುತ್ತಾರೆ. ಅವರನ್ನು ಮತ್ತೆ ಕೂಡಿಸಬೇಕಾದರೆ ಅಕ್ಷರದ ಮಾತು ಬಿಟ್ಟು ಸೊಸೆಯ ಮಾತು ತೆಗೆಯಬೇಕು.

ಅಕ್ಕನನ್ನು ಕೂಡಿಸುವುದು ಬೇಕಿರಲಿಲ್ಲ. ಎಲ್ಲರಿಗಿಂತ ಮೊದಲು ಬಂದು ಕಸ ಹೊಡೆದು ಚಾಪೆ ಹಾಸಿರುತ್ತಿದ್ದಳು. ಇವತ್ತು ಕಲಿತ ಅಕ್ಷರವನ್ನು ರಾತ್ರಿ ಗಂಡನ ಮುಂದೆ ಇಡುತ್ತಿದ್ದಳು. "'ತ' ಅಂದ್ರು ನೋಡ್ರಿ, ಖರೇನ!" ಅನ್ನುತ್ತಾ ಬಂದ ದಿನ ಮುಖದ ತುಂಬ ಬೆಳಕು. ಆದರೆ ಪವರ್ಗಕ್ಕೆ ಬಂದಾಗ ತಡೆ ಬಿತ್ತು. ಪ ಅಂದಳು, ಫ ಅಂದಳು, ಆಮೇಲೆ ತುಟಿ ಕೂಡಿಸಿ ಹಾಗೇ ಕೂತು, ಮುಂದಿನದಕ್ಕೆ ಹಾರಿದಳು. ನಾನು ಮಕ್ಕಳಿಗೆ ಮಾಡುವಂತೆ ನನ್ನ ತುಟಿ ತೋರಿಸಿದೆ, ಬಸ್ಸು, ಬದನೆಕಾಯಿ, ಬಳೆ ಅಂತ ಚಿತ್ರ ತೋರಿಸಿದೆ. ಬಳೆ ತೋರಿಸಿದರೆ "ಕೈಯಾಗ ಹಾಕ್ಕೊಳ್ಳೂದು" ಅನ್ನುತ್ತಾಳೆ. ಬರಿ ಅಂದರೆ ಮಾತ್ರ ದುಂಡಗೆ, ಎಲ್ಲ ಅಕ್ಷರಕ್ಕಿಂತ ಚೆಂದ ಬರೆಯುತ್ತಾಳೆ. ನಾಲಿಗೆಯ ತೊಡಕೇನೋ ಅಂದುಕೊಂಡು ಮರುದಿನ, ಅದರ ಮರುದಿನ ಅದನ್ನೇ ಹೇಳಿಸಲು ನೋಡಿದೆ.

ಕಡೆಗೆ ಚಾಪೆಯ ತುದಿಗೆ ಕೂತಿದ್ದ ಹೂ ಮಾರುವ ಅಜ್ಜಿ ತಡೆಯಲಾರದೆ ಬಾಯಿಬಿಟ್ಟಳು. "ಏನ್ರಿ ಟೀಚರ್, ಇಷ್ಟ ಸಾಲಿ ಕಲತೀರಿ, ತಿಳೀವಲ್ದೇನ್ರಿ? ಅದು ಅಕಿ ಗಂಡನ ಹೆಸರಿನ ಮೊದಲನೇ ಅಕ್ಷರ! ಅಕಿ ಬಾಯಿಲೆ ಹೆಂಗ ಹೊಂಡತೈತಿ?"

ಪಡಸಾಲೆಯೆಲ್ಲ ನಕ್ಕಿತು. ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಗಂಡನ ಹೆಸರು ಹೇಳಬಾರದೆನ್ನುವುದು ನನಗೆ ಗೊತ್ತಿಲ್ಲದ ಸಂಗತಿಯಲ್ಲ, ನಮ್ಮವ್ವನೂ ಹೇಳಿದವಳಲ್ಲ. ಆದರೆ ಹೆಸರಿನ ಸಲುವಾಗಿ ಒಂದು ಅಕ್ಷರವನ್ನೇ, ಅದರಿಂದ ಶುರುವಾಗುವ ಬಸ್ಸು ಬಳೆಗಳನ್ನೆಲ್ಲ, ಪಾಠಕ್ಕೆ ಕೂತಾಗ ಬಾಯಿಂದ ಹೊರಗಿಟ್ಟವಳನ್ನು ಕಂಡದ್ದು ಇದೇ ಮೊದಲು. ಓಣಿಯವರೆಲ್ಲ ಅವರನ್ನು ಅಣ್ಣಾ ಅನ್ನುವುದರಿಂದ ಅವರ ಹೆಸರು ನನ್ನ ಕಿವಿಗೆ ಬಿದ್ದೇ ಇರಲಿಲ್ಲ.

"ದವಾಖಾನಿ ಹುಡುಗಿ ಹೇಳಿದ್ದೂ ಅದನ್ನೇನು?" ಅಂತ ಮೆಲ್ಲಗೆ ಕೇಳಿದೆ.

"ಹೌದ್ರಿ. ಹೆಸರಿಂದನ ಶುರು ಮಾಡ್ರಿ, ತಮ್ಮ ಹೆಸರು ತಮಗ ಬಂತಂದ್ರ ಧೈರ್ಯ ಬರತೈತಿ ಅಂದ್ಲು." ಅಕ್ಕ ಚಾಪೆಯ ಎಳೆ ಕೀಳುತ್ತಾ ಕೂತಳು. "ಬರದು ತೋರಿಸ್ತೇನ್ರಿ. ನೋಡ್ತಾರ. ಆಮ್ಯಾಲ ನನ್ನ ತುಟಿ ನೋಡ್ತಾರ. ನನ್ನ ತುಟಿ ಮುಚ್ಚೇ ಇರತಾವು."

"ಒಮ್ಮಿ ಅಂದ್ರ ಏನಾಕ್ಕೈತಿ?"

"ಆಯುಷ್ಯ ಕಮ್ಮಿ ಆಕ್ಕೈತಂತಾರಲ್ರಿ. ಮೊದಲ ಹಿಂಗಾಗಿ ಕುಂತಾರ."

ಬೆಳಗಿನ ಮಕ್ಕಳಾಗಿದ್ದರೆ ಪುಸಲಾಯಿಸಿ ಹೇಳಿಸಿಬಿಡುತ್ತಿದ್ದೆ. ಇವಳ ಭಯವನ್ನು ನಾನು ಪುಸಲಾಯಿಸುವುದು ಹೇಗೆ? ಅದರಲ್ಲಿ ಮೂವತ್ತು ವರ್ಷದ ಸಂಸಾರ ಇತ್ತು. ಸುಳ್ಳು ನಂಬಿಕೆ ಅಂತ ಪಾಠ ಹೇಳಲು ಬಾಯಿ ಬರಲಿಲ್ಲ.

ದಾರಿ ತೆಗೆದವಳು ಹೂವಿನ ಅಜ್ಜಿಯೇ. "ಮದುವ್ಯಾಗ ಒಡಪು ಹಾಕಿ ಹೆಸರು ಹೇಳಿದ್ದೆಲ್ಲವಾ? ಬಾಗಲ ತಡದು ನಿಲ್ಲಿಸಿದಾಗ? ಒಡಪಿನಾಗ ಹೇಳಿದ್ರ ದೋಷ ಇಲ್ಲ."

ಹೌದಲ್ಲ! ನಮ್ಮ ಕಡೆ ಹೊಸ ಮದುಮಗಳು ಹೊಸ್ತಿಲು ದಾಟುವ ಮೊದಲು ಒಡಪು, ಅಂದರೆ ಪ್ರಾಸ ಕಟ್ಟಿದ ಎರಡು ಮೂರು ಸಾಲು, ಹೇಳಿ ಅದರ ತುದಿಗೆ ಗಂಡನ ಹೆಸರು ಪೋಣಿಸಲೇಬೇಕು. ಅಲ್ಲಿ ಮಾತ್ರ ಹೆಸರಿಗೆ ಅಪ್ಪಣೆ.

"ಮರತೇನಿ ಬಿಡ್ರಿ," ಅಂದಳು ಅಕ್ಕ.

"ಮರತಿಲ್ಲ, ನಾಚ್ಕೊಳಾಕ ಹತ್ಯಾಳ ಮುದುಕಿ!" ಅಂತ ಎಲ್ಲರೂ ಬೆನ್ನು ಹತ್ತಿದರು. ಅವತ್ತು ಪುಸ್ತಕ ಮುಚ್ಚಿಟ್ಟೆವು. ತಮ್ಮ ತಮ್ಮ ಒಡಪು ಹೇಳಿ, ನಕ್ಕು, ಅವೇ ಸಾಲುಗಳನ್ನು ಹಲಗೆಯ ಮೇಲೆ ಬರೆದು ಓದಿದರು. ಅಷ್ಟು ಲಗುಬಗೆಯಿಂದ ಅವರು ಓದಿದ್ದನ್ನು ನಾನು ಹಿಂದೆ ಕಂಡಿಲ್ಲ. ಅಕ್ಕನೂ ಕೊನೆಗೆ ತನ್ನದನ್ನು ಬರೆದಳು, ಹೆಸರಿನ ಜಾಗ ಖಾಲಿ ಬಿಟ್ಟು.

ಇವತ್ತು ಪಾಠ ಮುಗಿದ ಮೇಲೆ, "ಒಬ್ಬಾಕಿನ ಹೇಳಾಕ ಧೈರ್ಯ ಸಾಲವಲ್ದು, ಬರ್ರಿ," ಅಂತ ನನ್ನನ್ನು ಕರೆದುಕೊಂಡು ಹೋದಳು.

ಅವರು ಮಗ್ಗದ ಪಕ್ಕದ ಕಟ್ಟೆಗೆ ಒರಗಿ ಕೂತಿದ್ದರು. ಅಕ್ಕ ಎದುರು ಕೂತು, ಸೆರಗು ಹೊತ್ತು, ನನ್ನ ಕಡೆ ಒಮ್ಮೆ ನೋಡಿ, ನೆಲ ನೋಡುತ್ತಾ ಶುರು ಮಾಡಿದಳು.

"ಮಗ್ಗದಾಗ ಓಡತೈತಿ ಲಾಳಿ,
ಕೊರಳಾಗ ಹೊಳೀತೈತಿ ತಾಳಿ,
ಕಟ್ಟಿದವರ ಹೆಸರು ಹೇಳತೇನಿ ಕೇಳಿ…"

ಅಲ್ಲಿಗೆ ನಿಂತಳು. ಮುಖ ಕೆಂಪಾಯಿತು. ನಾನು ಕೂತದ್ದಕ್ಕೋ ಏನೋ, ಮುಂದೆ ಹೋಗಲೇ ಇಲ್ಲ. ಎದ್ದು ಹೊರಗೆ ಹೋಗಲೇ ಅಂದುಕೊಂಡೆ.

ಅಷ್ಟರಲ್ಲಿ ಅವರ ತುಟಿ ಕೂಡಿದವು. ಗಂಟಲಲ್ಲಿ ಏನೋ ತಡಕಾಡಿತು. "ಬ…" ಅಂದರು. ಮತ್ತೆ "ಬ…" ಅಂದರು. ಮೂರನೆಯ ಸಲ ಅದರ ಹಿಂದೆ ಉಳಿದದ್ದೂ ಬಂತು, ತೊದಲಾಗಿ, ಆದರೆ ಪೂರ್ತಿ.

ಅಕ್ಕ ತಲೆ ಎತ್ತಿದಳು. "ನಾ ಹೇಳೂದು ನೀವ ಹೇಳಿಬಿಟ್ರಲ್ಲ!" ಅಂತ ಗದರಿದಳು. ಗದರುತ್ತಲೇ ಅತ್ತಳು. ಅವರು ಸರಿಯಿದ್ದ ಅರ್ಧ ಮುಖದಿಂದ ನಕ್ಕರು. ಆಮೇಲೆ ಅವಳು ಇನ್ನೊಮ್ಮೆ ಮೊದಲಿಂದ ಒಡಪು ಹೇಳಿ, ಅಳುವ ದನಿಯಲ್ಲೇ ಅವರ ಹೆಸರನ್ನು ಸ್ವಚ್ಛವಾಗಿ ಹೇಳಿದಳು. ಅವರು ಅವಳ ತುಟಿಯನ್ನೇ ನೋಡುತ್ತಿದ್ದರು.

ಹಾಡಿನ ಕೊನೆಯ ಪದ ನಾನು ಬಿಟ್ಟರೆ ಒಂದನೇ ತರಗತಿಯ ಮಕ್ಕಳು ಹಾರಿ ಬಿದ್ದು ತುಂಬುತ್ತವೆ. ಅರವತ್ತರ ಹತ್ತಿರ ಬಂದವರಿಗೂ ಅದು ಆಗುತ್ತದೆಂದು ನಾನು ಯೋಚಿಸಿರಲಿಲ್ಲ. ಯೋಚಿಸಿದ್ದರೂ, ತುಂಬಬೇಕಾದ ಪದ ಅವಳ ಮನೆಯಲ್ಲಿತ್ತೇ ಹೊರತು ನನ್ನ ಪುಸ್ತಕದಲ್ಲಿರಲಿಲ್ಲ.

ಬರುವಾಗ ಅಕ್ಕ ಡಬ್ಬಿಯಲ್ಲಿ ಗೋಧಿ ಬೆಲ್ಲದ ಸಿಹಿ ಮಾದ್ಲಿ ಕೊಟ್ಟಳು. ಮನೆಗೆ ಬಂದು ಮೆಂತ್ಯದ ಪಲ್ಯ ಮಾಡಿದೆ. ರೊಟ್ಟಿ, ಪಲ್ಯ, ಮೊಸರು, ಕಡೆಗೆ ಮಾದ್ಲಿಗೆ ಬಿಸಿ ಹಾಲು ಹಾಕಿಕೊಂಡು ಉಂಡೆವು. ಮನೆಯವರಿಗೆ ಎಲ್ಲ ಹೇಳಿದೆ. "ಹಂಗಾರ ನೀನೂ ಒಂದು ಹೇಳು, ನನ್ನ ಹೆಸರು ಹಾಕಿ," ಅಂದರು ಹಾಸಿಗೆಯಲ್ಲಿ. ನಾನು ಪ್ರಾಸ ಹುಡುಕುತ್ತಿದ್ದೆ, ಅವರು ಆಗಲೇ ನಿದ್ದೆ ಹೋಗಿದ್ದರು.