ಒಂದು ನಿಮಿಷ ಇಪ್ಪತ್ತು ಸೆಕೆಂಡು

ಆ ಸೈಕಲ್ ರೇಸಿನಲ್ಲಿ ನನ್ನ ಕೆಲಸ ಮೋಟರ್‌ಸೈಕಲ್ಲಿನ ಹಿಂದಿನ ಸೀಟಿನಲ್ಲಿ ಕುಳಿತು ಹಲಗೆಯ ಮೇಲೆ ಬರೆಯುವುದು. ಗುಂಪನ್ನು ಬಿಟ್ಟು ಮುಂದೆ ಹೋದವರಿಗೂ ಹಿಂದಿನ ಗುಂಪಿಗೂ ನಡುವೆ ಎಷ್ಟು ಅಂತರವಿದೆ ಎಂದು ರೇಡಿಯೋದಲ್ಲಿ ಹೇಳುತ್ತಾರೆ. ಅದನ್ನು ಸೀಮೆಸುಣ್ಣದಿಂದ ದಪ್ಪಗೆ ಬರೆದು, ಮುಂದಿದ್ದವರ ಪಕ್ಕಕ್ಕೆ ಹೋಗಿ ಎತ್ತಿ ತೋರಿಸಬೇಕು. ಸವಾರರು ಕಿವಿಗೆ ರೇಡಿಯೋ ಹಾಕಿಕೊಳ್ಳಲು ಆ ರೇಸಿನಲ್ಲಿ ಅನುಮತಿ ಇರಲಿಲ್ಲ. ಹಲಗೆಯ ಮೇಲೆ ಕಂಡದ್ದನ್ನೇ ಅವರು ನಂಬಬೇಕು. ನಾನು ಕುರುಗೋಡಿನ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಣದ ಟೀಚರು. ಅಂಕಿ ದುಂಡಗೆ ಬರೆಯುತ್ತೇನೆಂದು ಯಾರೋ ಸಂಘಟಕರಿಗೆ ಹೇಳಿದ್ದರಂತೆ, ಕರೆದರು, ಹೋದೆ.

ಆರು ದಿನಗಳ ಮಹಿಳೆಯರ ರೇಸ್ ಅದು. ಹೊರದೇಶದ ತಂಡಗಳೂ ಬಂದಿದ್ದವು. ನಾಲ್ಕನೆಯ ದಿನದ ಓಟ ನಮ್ಮ ಕಡೆ ಇತ್ತು. ಸಿರುಗುಪ್ಪದಲ್ಲಿ ಹೊರಟು ಕುರುಗೋಡು, ಕುಡತಿನಿ ಹಾದು ಬಳ್ಳಾರಿಯಲ್ಲಿ ಮುಗಿಯಬೇಕು. ಏರಿಲ್ಲ, ಇಳಿಜಾರಿಲ್ಲ. ಇಂಥ ಸಪಾಟು ರಸ್ತೆಯ ದಿನ ಗೆಲ್ಲುವವರು ಸ್ಪ್ರಿಂಟರ್‌ಗಳು. ಓಟದುದ್ದಕ್ಕೂ ಗುಂಪಿನೊಳಗೆ ಗಾಳಿಗೆ ಮರೆಯಾಗಿದ್ದು, ಕೊನೆಯ ಇನ್ನೂರು ಮೀಟರಿನಲ್ಲಿ ನುಗ್ಗುವವರು. ಬೆಳಿಗ್ಗೆಯೇ ಓಡಿಹೋದ ಒಬ್ಬಿಬ್ಬರನ್ನು ಗುಂಪು ಓಟ ಮುಗಿಯುವುದರೊಳಗೆ ಹಿಡಿದೇ ಹಿಡಿಯುತ್ತದೆ. ಎಲ್ಲರಿಗೂ ಗೊತ್ತಿರುವ ಲೆಕ್ಕ ಇದು, ಓಡಿಹೋಗುವವರಿಗೂ.

ಆ ದಿನ ಓಡಿಹೋದವರಲ್ಲಿ ಒಬ್ಬಳು ನನ್ನ ಹಳೆಯ ವಿದ್ಯಾರ್ಥಿನಿ.

ನಾನು ಸಿರುಗುಪ್ಪದಲ್ಲಿದ್ದ ಕಾಲದಲ್ಲಿ ಅವಳು ರಾರಾವಿಯಿಂದ ಸಾಲಿಗೆ ಸೈಕಲ್ಲಿನಲ್ಲಿ ಬರುತ್ತಿದ್ದಳು. ಬಸ್ಸಿಗಿಂತ ಮೊದಲು ಬಂದು ಗೇಟಿನ ಹತ್ತಿರ ನಿಂತಿರುವಳು, ಏದುಸಿರು ಸಹ ಇರುತ್ತಿರಲಿಲ್ಲ. ಕ್ರೀಡಾ ಹಾಸ್ಟೆಲಿನ ಆಯ್ಕೆಗೆ ಅವಳನ್ನು ಕರೆದುಕೊಂಡು ಹೋದವಳು ನಾನೇ. ಮನೆಗೆ ಕೇಳಲು ಹೋದಾಗ ಅವಳ ತಾಯಿ ನೆಲ್ಲು ಕೇರುತ್ತಾ ಕುಳಿತಿದ್ದರು. "ಇದು ಎಷ್ಟು ವರ್ಷ ನಡೀತೈತ್ರಿ?" ಎಂದು ಅದೊಂದನ್ನೇ ಕೇಳಿದರು. ಹತ್ತು ವರ್ಷ ಆರಾಮಾಗಿ ನಡೆಯುತ್ತದೆ, ಆಮೇಲೆ ಎಲ್ಲಾದರೂ ನೌಕರಿ ಸಿಗುತ್ತದೆ ಎಂದೆ. ಹತ್ತು ವರ್ಷ ನಡೆಯಿತು, ಅದಕ್ಕಿಂತ ಹೆಚ್ಚೇ. ನೌಕರಿ ಸಿಗಲಿಲ್ಲ.

ಬೆಳಿಗ್ಗೆ ಸಿರುಗುಪ್ಪದಲ್ಲಿ ಅವಳ ತಂಡದ ಕಾರಿನ ಪಕ್ಕ ಮಾತಾಡಿಸಿದೆ. ಕಣ್ಣಿನ ಕೆಳಗೆ ಕಪ್ಪಾಗಿತ್ತು. ಮೂವತ್ತೊಂದಕ್ಕೆ ನಲವತ್ತರ ಮುಖ.

"ಈ ಸೀಸನ್ ಮುಗದ ಮ್ಯಾಲೆ ತಂಡ ಮುಚ್ಚತಾರ ಮೇಡಂ. ಬ್ಯಾರೆ ಯಾರೂ ಕರದಿಲ್ಲ," ಎಂದಳು.

"ಇವತ್ತು ನಿನ್ನ ಊರಿನ ರಸ್ತಿ," ಎಂದೆ, ಏನಾದರೂ ಹೇಳಬೇಕಲ್ಲ ಎಂದು.

"ಸಪಾಟ್ ರೋಡಿಗೆ ಊರು ಯಾವುದಾದ್ರ ಏನ್ರಿ. ನನಗ ಅಷ್ಟು ಜೋರು ಇಲ್ಲ. ಮುಂದ ಓಡಿಹೋಗಿ ಟಿವಿಯಾಗ ಅಂಗಿ ಮ್ಯಾಲಿನ ಕಂಪನಿ ಹೆಸರು ತೋರಸು ಅಂತ ಹೇಳ್ಯಾರ. ತೋರಸ್ತೀನಿ."

ಹೊರಟ ಮೂರನೆಯ ಕಿಲೋಮೀಟರಿನಲ್ಲೇ ಅವಳು ಸೀಟಿನಿಂದ ಎದ್ದು ಮುಂದೆ ನುಗ್ಗಿದಳು. ಇನ್ನಿಬ್ಬರು ಅವಳ ಬೆನ್ನು ಹತ್ತಿದರು. ಗುಂಪು ಸುಮ್ಮನೆ ಬಿಟ್ಟುಕೊಟ್ಟಿತು. ನಾಟಿ ಮುಗಿದ ಗದ್ದೆಗಳ ನಡುವೆ ಮೂವರು ಸರದಿಯ ಮೇಲೆ ಗಾಳಿಗೆ ಎದುರಾಗಿ ತುಳಿಯುತ್ತಿದ್ದರು. ನಾನು ಐದು ನಿಮಿಷ ಎಂದು ಬರೆದು ತೋರಿಸಿದಾಗ ಅವಳು ತಲೆಯಾಡಿಸಿದಳು. ಅದು ನನ್ನನ್ನು ಗುರುತಿಸಿದ ತಲೆಯಾಡಿಕೆಯಲ್ಲ, ಅಂಕಿಯನ್ನು ಓದಿದ್ದು ಮಾತ್ರ.

ನನ್ನ ಮೋಟರ್‌ಸೈಕಲ್ ಓಡಿಸುತ್ತಿದ್ದವರು ಬಳ್ಳಾರಿಯ ಒಬ್ಬ ಮೆಕ್ಯಾನಿಕ್. ಮನೆಮಾತು ತೆಲುಗು. ರೇಡಿಯೋದ ಗರಗರದಲ್ಲಿ ನನಗೆ ಅಂಕಿ ಕೇಳಿಸದಿದ್ದರೆ ಅವರೇ ಕೂಗಿ ಹೇಳುತ್ತಿದ್ದರು.

ಕುರುಗೋಡಿನಲ್ಲಿ ನನ್ನ ಸಾಲಿಯ ಹುಡುಗಿಯರು ರಸ್ತೆ ಬದಿ ನಿಂತಿದ್ದರು. ಅಂತರ ಮೂರು ನಿಮಿಷ ನಲವತ್ತು. ಊರು ದಾಟುವಾಗ ಮೂವರಲ್ಲಿ ಒಬ್ಬಳ ಚಕ್ರ ಪಂಚರಾಯಿತು. ಇನ್ನೊಬ್ಬಳು ಕುಡತಿನಿಗೆ ಐದಾರು ಕಿಲೋಮೀಟರ್ ಇದೆ ಎನ್ನುವಾಗ ಕಾಲು ಹಿಡಿದುಕೊಂಡು ನಿಂತುಬಿಟ್ಟಳು. ವಿದ್ಯುತ್ ಸ್ಥಾವರದ ಚಿಮಣಿಗಳು ಎದುರಿಗೆ ಕಾಣುವ ಹೊತ್ತಿಗೆ ಉಳಿದದ್ದು ನನ್ನ ವಿದ್ಯಾರ್ಥಿನಿ ಒಬ್ಬಳೇ.

ಕುಡತಿನಿಯಲ್ಲಿ ಹೆದ್ದಾರಿಗೆ ತಿರುಗಿದ ಕೂಡಲೇ ಮೂಡಗಾಳಿ ಮುಖಕ್ಕೆ ಹೊಡೆಯಿತು. ಬಳ್ಳಾರಿಯವರೆಗೆ ಒಂದು ಗಿಡದ ಆಸರೆಯೂ ಇಲ್ಲದ ರಸ್ತೆ. ಗುಂಪಿನಲ್ಲಿದ್ದವರಿಗೆ ಒಬ್ಬರ ಬೆನ್ನು ಇನ್ನೊಬ್ಬರಿಗೆ ಗೋಡೆ. ಅವಳಿಗೆ ಯಾರೂ ಇಲ್ಲ. ತಂಡದ ಕಾರು ಕೂಡ ಹಿಂದೆ, ಗುಂಪಿನಲ್ಲಿದ್ದ ತಮ್ಮ ಸ್ಪ್ರಿಂಟರ್‌ನ ಕಾವಲಿಗಿತ್ತು. ಎರಡು ನಿಮಿಷ ಹತ್ತು ಎಂದು ತೋರಿಸಿದೆ. ಸ್ವಲ್ಪ ಹೊತ್ತಿಗೆ ಒಂದು ನಿಮಿಷ ನಲವತ್ತು. ಪ್ರತಿ ಸಲ ಅವಳು ನೋಡುವಳು, ತುಟಿ ಅಲ್ಲಾಡುವುದು, ಉಳಿದ ದೂರಕ್ಕೆ ಲೆಕ್ಕ ಹಾಕುವಳು, ಬಗ್ಗುವಳು. ಗಲ್ಲದ ಮೇಲೆ ಉಪ್ಪು ಬೆಳ್ಳಗೆ ಕಟ್ಟಿತ್ತು. ಒಂದು ಕಡೆಯಿಂದ ಜೊಲ್ಲು ಸೋರುತ್ತಿತ್ತು, ಒರೆಸಿಕೊಳ್ಳುತ್ತಿರಲಿಲ್ಲ.

ಹನ್ನೆರಡು ಕಿಲೋಮೀಟರ್ ಉಳಿದಿದ್ದಾಗ ರೇಡಿಯೋ ಐವತ್ತು ಸೆಕೆಂಡು ಎಂದಿತು. ನಾನು ಹಲಗೆ ಒರೆಸಿದೆ. ಅವಳು ಅಷ್ಟರಲ್ಲೇ ನಮ್ಮ ಕಡೆ ತಿರುಗಿ ನೋಡಿದಳು. ಹೈಸ್ಕೂಲಿನಲ್ಲಿ ಎಂದೂ ಹಾಗೆ ನೋಡಿದವಳಲ್ಲ. ಬೇಡುವವರ ಕಣ್ಣು ಅದು. ನನ್ನ ಕೈ ಒಂದು ನಿಮಿಷ ಇಪ್ಪತ್ತು ಎಂದು ಬರೆಯಿತು. ಕೈ ಬರೆಯಿತು ಎಂದು ಈಗ ಹೇಳಿಕೊಳ್ಳುತ್ತೇನೆ, ಬರೆದವಳು ನಾನೇ.

"ಮೇಡಂ, ಯಾಭೈ ಅಂದ್ರಲ್ಲ. ಐವತ್ತು," ಎಂದರು ಮೆಕ್ಯಾನಿಕ್, ಕನ್ನಡಿಯಲ್ಲಿ ಹಲಗೆ ನೋಡುತ್ತಾ.

"ಗೊತ್ತೈತಿ. ಮುಂದಕ್ಕ ನಡೀರಿ."

ಅವರು ಒಂದು ಕ್ಷಣ ತಡೆದು, ಗಾಡಿಯನ್ನು ಅವಳ ಪಕ್ಕಕ್ಕೆ ತಂದರು. ನಾನು ಹಲಗೆ ಎತ್ತಿದೆ.

ಅವಳ ಭುಜ ಸಡಿಲವಾಯಿತು. ಬೆನ್ನು ನೆಟ್ಟಗೆ ಮಾಡಿ, ಬಾಟಲಿ ಎಳೆದು ಕುಡಿದಳು. ಜೇಬಿನಿಂದ ಏನೋ ತೆಗೆದು ಬಾಯಿಗೆ ಹಾಕಿಕೊಂಡಳು. ಕೊನೆಯ ಐದು ಕಿಲೋಮೀಟರಿಗೆ ಕಾಲಿನ ಬಲ ಉಳಿಸಿಕೊಳ್ಳಬೇಕೆಂದು ವೇಗ ತುಸು ಇಳಿಸಿದಳು. ಮುಖದಲ್ಲಿ ಒಂದು ನಗೆಯ ಹಾಗಿನದು ಬಂತು. ನನಗೂ ಸಮಾಧಾನವಾಯಿತು. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಮೂರು ಕಿಲೋಮೀಟರಿನಷ್ಟು ದೂರ ನಾನು ಸಂತೋಷವಾಗಿಯೇ ಇದ್ದೆ.

ಒಂಬತ್ತು ಕಿಲೋಮೀಟರ್ ಉಳಿದಾಗ ಮತ್ತೆ ರೇಡಿಯೋ. ಮೂವತ್ತು ಸೆಕೆಂಡು. ಈ ಸಲ ಇದ್ದದ್ದನ್ನೇ ಬರೆದೆ. ಅವಳು ಹಲಗೆ ನೋಡಿದಳು. ಹಿಂದಕ್ಕೆ ತಿರುಗಿ ರಸ್ತೆ ನೋಡಿದಳು. ಅಲ್ಲಿ ಹೆದ್ದಾರಿಯ ಅಗಲಕ್ಕೂ ಬಣ್ಣಬಣ್ಣದ ಗುಂಪು ಕಾಣುತ್ತಿತ್ತು. ಆಮೇಲೆ ನನ್ನ ಮುಖ ನೋಡಿದಳು. ಎಷ್ಟು ಹೊತ್ತು ಎಂದು ಹೇಳಲಾರೆ. ತಲೆ ಬಗ್ಗಿಸಿ ತುಳಿಯತೊಡಗಿದಳು.

ಅಂತರ ಕಡಿಮೆಯಾದರೆ ನಡುವೆ ಯಾವ ಗಾಡಿಯೂ ಇರಬಾರದು ಎಂಬುದು ನಿಯಮ. ನಮ್ಮನ್ನು ಮುಂದಕ್ಕೆ ಹೋಗಲು ಹೇಳಿದರು. ಬಳ್ಳಾರಿಯಲ್ಲಿ ಓಟ ಮುಗಿಯುವ ಗೆರೆಯ ಆಚೆ ಗಾಡಿ ನಿಲ್ಲಿಸಿ, ನಾನು ಬೇಲಿಯ ಪಕ್ಕ ಬಂದು ನಿಂತೆ. ಅವಳು ಇನ್ನೂ ಸಿಕ್ಕಿಬಿದ್ದಿಲ್ಲ ಎಂದು ಮೈಕಿನಲ್ಲಿ ಕೂಗುತ್ತಿದ್ದರು. ಒಂದು ಕಿಲೋಮೀಟರ್. ಏಳುನೂರು ಮೀಟರ್. ತಿರುವಿನಲ್ಲಿ ಅವಳು ಕಾಣಿಸಿದಳು, ಸೈಕಲ್ಲು ಎಡಕ್ಕೂ ಬಲಕ್ಕೂ ವಾಲುತ್ತಿತ್ತು. ಉಳಿದಿದ್ದ ಮೂವತ್ತು ಸೆಕೆಂಡಿನಲ್ಲೇ ಅಷ್ಟು ದೂರ ಸಿಗದೆ ಬಂದಿದ್ದಳು. ಗೆರೆಗೆ ಮುನ್ನೂರು ಮೀಟರ್ ಇದ್ದಾಗ ಗುಂಪು ಎರಡೂ ಕಡೆಯಿಂದ ಅವಳನ್ನು ದಾಟಿತು. ಯಾರೋ ಹೊರದೇಶದವಳು ಗೆದ್ದಳು. ನಮ್ಮವಳು ಅರವತ್ತನೆಯ ಸ್ಥಾನಕ್ಕೂ ಹಿಂದೆ ಬಂದಳು.

ಸುಮಾರು ಹೊತ್ತಿನ ಮೇಲೆ ಹುಡುಕಿಕೊಂಡು ಹೋದೆ. ತಂಡದ ವ್ಯಾನಿನ ನೆರಳಿನಲ್ಲಿ ಶೂ ಬಿಚ್ಚಿ ನೆಲಕ್ಕೆ ಕುಳಿತಿದ್ದಳು. ನಾನೂ ಪಕ್ಕದಲ್ಲಿ ಕುಳಿತೆ.

"ನಿನಗ ಒಂದು ಹೇಳಬೇಕು," ಎಂದೆ.

"ಗೊತ್ತಾತು ಮೇಡಂ. ಒಂದು ಇಪ್ಪತ್ತರಿಂದ ಮೂವತ್ತಕ್ಕ, ಮೂರು ಕಿಲೋಮೀಟರಿನಾಗ ಐವತ್ತು ಸೆಕೆಂಡು ಹೋಗಂಗಿಲ್ಲ." ದನಿಯಲ್ಲಿ ಸಿಟ್ಟು ಇರಲಿಲ್ಲ. "ಯಾಕ ಬರದ್ರಿ?"

"ನಿನ್ನ ಮುಖ ನೋಡಾಕ ಆಗಲಿಲ್ಲ."

ಅವಳು ಕಾಲಿನ ಬೆರಳುಗಳನ್ನು ಒತ್ತಿಕೊಂಡಳು.

"ಪಾಪ ಅನ್ನಾಕ ದಾರಿ ತುಂಬ ಮಂದಿ ಇದ್ರಲ್ಲ ಮೇಡಂ. ನಿಮ್ಮ ಹತ್ರ ನನಗ ಅಂಕಿ ಬೇಕಾಗಿತ್ತು."

"ಇದ್ದದ್ದು ಬರದಿದ್ರ ಉಳೀತಿದ್ದೇನು?"

"ಇಲ್ಲ ಅನಸ್ತೈತಿ. ಗಾಳಿ ಭಾಳ ಇತ್ತು. ಆದ್ರ ಅದೂ ಈಗ ಗೊತ್ತಾಗಂಗಿಲ್ಲ."

ನಾನು ತಪ್ಪಾಯಿತು ಎಂದೆ. ಅವಳು ಹೂಂ ಎಂದಳು. ತಂಡದವರು ಕರೆದರು, ಶೂ ಕೈಯಲ್ಲಿ ಹಿಡಿದುಕೊಂಡು ಹೋದಳು. ಅಧಿಕಾರಿಗಳಿಗೆ ನಾನು ಏನೂ ಹೇಳಲಿಲ್ಲ. ಅವರು ಹಲಗೆ ವಾಪಸು ತೆಗೆದುಕೊಂಡು, ಊಟದ ಪೊಟ್ಟಣ ಕೊಟ್ಟು, ನಮಸ್ಕಾರ ಮಾಡಿದರು. ಮೆಕ್ಯಾನಿಕ್ ನನ್ನನ್ನು ಕುರುಗೋಡು ಬಸ್ಸಿಗೆ ಬಿಡುವವರೆಗೂ ಆ ಮಾತು ಎತ್ತಲಿಲ್ಲ. ಇಳಿಯುವಾಗ ಮಾತ್ರ, "ನಾನಾಗಿದ್ರೂ ಹಂಗ ಬರೀತಿದ್ನೋ ಏನೋ," ಎಂದರು. ಸಮಾಧಾನಕ್ಕೆ ಹೇಳಿದರೆಂದು ಗೊತ್ತಾಯಿತು. ಅವರಾಗಿದ್ದರೆ ಬರೆಯುತ್ತಿರಲಿಲ್ಲ.

ಸೀಸನ್ ಮುಗಿದು ತಂಡ ಮುಚ್ಚಿತು. ಸೈಕಲ್ಲನ್ನು ಅವರೇ ತೆಗೆದುಕೊಂಡರು. ಅವಳು ಈಗ ಬಳ್ಳಾರಿಯ ಒಂದು ಜೀನ್ಸ್ ಹೊಲಿಯುವ ಘಟಕದಲ್ಲಿ ಇದ್ದಾಳೆ. ಪ್ಯಾಂಟುಗಳ ಜಿಪ್ ಎಳೆದು ನೋಡಿ, ಸರಿಯಿಲ್ಲದ್ದನ್ನು ಬೇರೆ ಹಾಕುವ ಕೆಲಸ. ಕಳೆದ ಬೇಸಿಗೆಯಲ್ಲಿ ಹೋಗಿದ್ದೆ. ನಮ್ಮ ಸಾಲಿಯಲ್ಲಿ ನಾಲ್ಕೈದು ಹುಡುಗಿಯರಿದ್ದಾರೆ, ಭಾನುವಾರ ಬಂದು ಕಲಿಸಿಕೊಡು ಎಂದು ಕೇಳಲು.

ಅವಳು ಚಹಾ ತರಿಸಿದಳು. ನೀಲಿ ಬಣ್ಣ ಹಿಡಿದ ಬೆರಳುಗಳಿಂದ ಲೋಟ ಕೊಟ್ಟಳು. ನನ್ನ ಮೊಣಕಾಲು ನೋವಿನ ಬಗ್ಗೆ ವಿಚಾರಿಸಿದಳು. ಹುಡುಗಿಯರ ಮಾತು ಬಂದಾಗ ಮಾತ್ರ ತಲೆ ಅಲ್ಲಾಡಿಸಿದಳು.

"ಬ್ಯಾಡ್ರಿ ಮೇಡಂ. ಅವರು ನನ್ನ ಕೇಳತಾರ, ಎಷ್ಟು ದೂರ ಹೋಗಬಹುದು ಅಂತ. ಏನಂತ ಹೇಳಲಿ?"

ಚಹಾ ಮುಗಿಸಿ ಎದ್ದೆ. ಬಾಗಿಲಿನವರೆಗೆ ಬಂದಳು, ಒಳಗಿನಿಂದ ಯಾರೋ ಕರೆದರು, ತಿರುಗಿ ಹೋದಳು. ಹೊಲಿಗೆ ಯಂತ್ರಗಳ ಸದ್ದಿಗೆ ಅವಳು ಏನಾದರೂ ಅಂದಳೋ ಇಲ್ಲವೋ ನನಗೆ ಕೇಳಿಸಲಿಲ್ಲ.