ಬಿಳಿ ತಾಡಪತ್ರಿಯ ಕಾವಲು

ನಮ್ಮ ಮಲಿಕಸಾಬರು ಕಾಯುವುದು ಒಂದು ಬಿಳಿ ತಾಡಪತ್ರಿಯನ್ನು. ಕುಕನೂರಿನಾಚೆಯ ಬಯಲಿನಲ್ಲಿ ಅದನ್ನು ಹಾಸಿದ್ದೇವೆ. ಮೇಲೆ ಹಾಯುವ ಉಪಗ್ರಹದ ಕ್ಯಾಮೆರಾ ಬಣ್ಣಗಳನ್ನು ಸರಿಯಾಗಿ ಹಿಡಿಯುತ್ತಿದೆಯೇ ಎಂದು ಅದರ ಬಿಳುಪಿಗೆ ಹೋಲಿಸಿ ನೋಡುವುದು ನನ್ನ ಕೆಲಸ. ಇದನ್ನು ಅವರಿಗೆ ಬಿಡಿಸಿ ಹೇಳಿದ್ದೇ ತಪ್ಪಾಯಿತು. ಅಂದಿನಿಂದ ಅವರ ಎದೆಯಲ್ಲಿ ಅವಲಕ್ಕಿ ಕುಟ್ಟಿದಂತೆ. "ಇದಕ್ಕ ಒಂಚೂರು ಹೊಲಸು ಹತ್ತಿದ್ರ ನಾಡಿನ ಹೊಲಾ ಎಲ್ಲಾ ಆ ಉಪಗ್ರಹಕ್ಕ ತಪ್ಪು ಕಾಣ್ತಾವಲ್ರಿ ಸರ" ಎನ್ನುತ್ತಾರೆ. ಚಪ್ಪಲಿಯನ್ನು ಬೇಲಿಯಾಚೆಯೇ ಬಿಡುತ್ತಾರೆ, ಕಾಗೆ ಹಾರಿದರೆ ಟವೆಲ್ ಬೀಸುತ್ತಾರೆ, ಕರಿಮಣ್ಣಿನ ಗಾಳಿ ಎದ್ದರೆ ಗಾಳಿಗೇ ಕೈಮುಗಿಯುತ್ತಾರೆ. ಬೆಳಿಗ್ಗೆ ಹತ್ತೂವರೆಗೆ ಉಪಗ್ರಹ ಬರುವಾಗ ತಮ್ಮ ನೆರಳೂ ಬೀಳದಂತೆ ಶೆಡ್ಡು ಸೇರಿ, ಕೆಮ್ಮನ್ನೂ ನುಂಗಿಕೊಂಡು ಕೂರುತ್ತಾರೆ. ಮೊನ್ನೆ ಹೋದಾಗ ಒಂದು ಮೂಲೆಯನ್ನು ತಿಕ್ಕುತ್ತಲೇ ಇದ್ದರು. "ಹಳದಿ ಹೋಗವಲ್ದ್ರಿ ಸರ" ಎಂದರು. ಬಣ್ಣ ಅಳೆಯುವ ಯಂತ್ರ ಹಿಡಿದು ನೋಡಿದೆ. ಅಲ್ಲಿ ಹಳದಿಯೇ ಇರಲಿಲ್ಲ. ಮುಖವೆತ್ತಿದರೆ ಅವರ ಕಣ್ಣುಗಳಲ್ಲಿ ಪೊರೆ ಬೆಳೆದಿರುವುದು ಕಂಡಿತು. "ಹಳದಿ ಇರೋದು ನಿಮ್ಮ ಕಣ್ಣಿನ ಪೊರಿಯಾಗ, ಸಾಬ್ರ" ಎಂದೆ. ಬ್ರಷ್ಷು ಕೈಜಾರಿತು. "ಯಾ ಅಲ್ಲಾ! ನಮ್ಮ ಮನಿಯಾಕಿ ಮೆಹರುನಬಿ ಮಾರಿನೂ ಹಳದಿ ಕಂಡಿತ್ರಿ. ಕಾಮಾಲಿ ಅಂತ ಹೆದರಿ, ತಿಂಗಳಿಂದ ಕಷಾಯ ಕುಡಸಾಕತ್ತೀನಿ. ಉಪ್ಪು, ಎಣ್ಣಿ ಬಿಡಸೀನಿ." ಆಮೇಲೆ ಸಣ್ಣ ದನಿಯಲ್ಲಿ ಕೇಳಿದರು: "ಆಕಿ ಒಮ್ಮೆನೂ ಬ್ಯಾಡ ಅನ್ಲಿಲ್ಲ. ನನ್ನ ಕಣ್ಣು ಹೋಗ್ಯಾವಂತ ಆಕಿಗೆ ಗೊತ್ತಿತ್ತೇನ್ರಿ?"