ಭಾವನ ಹೊಲದಲ್ಲಿ ಎಳ್ಳಮಾವಾಸ್ಯೆ

ಆ ವರ್ಷ ಎಳ್ಳಮಾವಾಸ್ಯೆ ಸೋಮವಾರ ಬಿದ್ದಿತ್ತು. ಶನಿವಾರ, ಭಾನುವಾರ ನನ್ನ ಗಂಡನಿಗೆ ಹೇಗೂ ರಜೆ. ಹುಮನಾಬಾದಿನಿಂದ ಶನಿವಾರ ಮಧ್ಯಾಹ್ನವೇ ಬಸ್ಸು ಹತ್ತಿ ಬಸವಕಲ್ಯಾಣದ ಅಕ್ಕನ ಮನೆಗೆ ಹೋದೆವು. ಅಕ್ಕನೇ ಫೋನು ಮಾಡಿ ಕರೆದಿದ್ದಳು.

"ಈ ಸಲ ಎಲ್ಲಾ ಮಾಡೋಣು. ಭಜ್ಜಿ, ಅಂಬಲಿ, ಸಜ್ಜಿ ರೊಟ್ಟಿ, ಶೇಂಗಾ ಹೋಳಿಗಿ, ಒಂದೂ ಬಿಡೂದು ಬ್ಯಾಡ. ನೀ ಬಂದ್ರ ನನಗ ಕೈ ಆಗ್ತದ."

ಆ ಮಾತಿನ ಹುರುಪು ಕೇಳಿ ನನಗೆ ಸಂತೋಷವಾಗಲಿಲ್ಲ, ಹೆದರಿಕೆಯಾಯಿತು. ಭಾವ ಬಾಯಿಂದ ಉಂಡು ಆಗಲೇ ಎಷ್ಟೋ ತಿಂಗಳಾಗಿತ್ತು.

ಭಾವನದು ಕೋಟೆ ಕಡೆ ಹೋಗುವ ದಾರಿಯಲ್ಲಿ ಒಂದು ಕಿರಾಣಿ ಅಂಗಡಿ. ಗಲ್ಲಾದ ಮುಂದೆ ಗುಟ್ಕಾ ಚೀಟಿಗಳ ಸರ ತೂಗುತ್ತಿತ್ತು. ಗಿರಾಕಿಗೆ ಒಂದು ಹರಿದುಕೊಟ್ಟರೆ ತನಗೊಂದು ಹರಿದುಕೊಳ್ಳುವುದು ಅವನ ರೂಢಿ. ಕೆನ್ನೆಯ ಒಳಗೆ ಹುಣ್ಣಾಯಿತು, ಅದು ಮಾಯಲಿಲ್ಲ. ಸೊಲ್ಲಾಪುರದಲ್ಲಿ ಆಪರೇಷನ್ ಮಾಡಿ ಎಡಗಡೆಯ ದವಡೆಯನ್ನೂ ನಾಲಿಗೆಯ ಒಂದು ಭಾಗವನ್ನೂ ತೆಗೆದರು. ಆಮೇಲೆ ಕರೆಂಟ್, ಅಂದರೆ ರೇಡಿಯೇಷನ್, ಕೊಟ್ಟರು. ಅಂದಿನಿಂದ ಮೂಗಿನಲ್ಲಿ ಒಂದು ಸಣ್ಣ ಪೈಪು. ರಾಗಿ ಗಂಜಿ, ಹಾಲು, ಬೇಳೆಕಟ್ಟು ಎಲ್ಲವೂ ಸಿರಿಂಜಿನಿಂದ ಆ ಪೈಪಿನೊಳಗೆ. ಅವನು ಮಾತಾಡಿದರೆ ಅದು ಅಕ್ಕನಿಗೊಬ್ಬಳಿಗೇ ತಿಳಿಯುತ್ತಿತ್ತು.

ಭಾನುವಾರ ಇಡೀ ದಿನ ಭಜ್ಜಿಗೆ ಕಾಳು ಬಿಡಿಸಿದೆವು. ಹಸಿ ತೊಗರಿ, ಹಸಿ ಕಡಲೆ, ಅವರೆ, ಬಟಾಣಿ. ಅಕ್ಕ, ನಾನು, ಕಲಬುರಗಿಯಲ್ಲಿ ಓದುತ್ತಿದ್ದು ಹಬ್ಬಕ್ಕೆಂದು ಬಂದಿದ್ದ ಅಕ್ಕನ ಮಗಳು, ಮೂವರೂ ಪಡಸಾಲೆಯಲ್ಲಿ ಕೂತಿದ್ದೆವು. ಭಾವ ಕುರ್ಚಿ ಎಳೆದುಕೊಂಡು ಬಂದು, ಮಡಿಲಲ್ಲಿ ತೊಗರಿಕಾಯಿ ಸುರಿದುಕೊಂಡು ಬಿಡಿಸತೊಡಗಿದ. ಹುಳುಕು ಬಂದದ್ದನ್ನು ಬೆಳಕಿಗೆ ಹಿಡಿದು ನೋಡಿ ಬೇರೆ ಇಡುತ್ತಿದ್ದ. ನಡುವೆ ಏನೋ ಅಂದ. ನಾನು ಅಕ್ಕನ ಮುಖ ನೋಡಿದೆ.

"ಮೆಂತ್ಯಪಲ್ಲೆ ಜಾಸ್ತಿ ಹಾಕ್ರಿ ಅನ್ನಾಕತ್ತಾರ," ಅಂದಳು ಅಕ್ಕ, ನಗುತ್ತಾ. "ನಾಳಿ ಹೊಲದಾಗ ನಾಲಿಗಿಗಿ ಜರಾ ಹಚ್ಚಿ ಉಗಳಸ್ತೀನಿ. ನುಂಗಬಾರದು ಅಂದಾರ, ರುಚಿ ನೋಡಬಾರದು ಅಂದಿಲ್ಲಲ್ಲ?"

ಆಗ ಗೊತ್ತಾಯಿತು ನನಗೆ, ಈ ಎಲ್ಲ ಅಡುಗೆ ಯಾತಕ್ಕೆಂದು.

ಸೋಮವಾರ ಬೆಳಿಗ್ಗೆ ದೊಡ್ಡ ಪಾತೇಲಿಯಲ್ಲಿ ಭಜ್ಜಿ ಕುದಿಯಿತು. ಕಾಳೆಲ್ಲ ಬೆಂದ ಮೇಲೆ ಸೊಪ್ಪು, ಹುಣಸೆರಸ, ಕೊನೆಗೆ ಕಡಲೆಹಿಟ್ಟು ಕಲಸಿದ ನೀರು. ಬೆಳ್ಳುಳ್ಳಿ ಒಗ್ಗರಣೆ ಬಿದ್ದಾಗ ಮನೆಯೆಲ್ಲ ಘಮ್ಮೆಂದಿತು. ಉಪ್ಪು ನೋಡಿದವಳು ನಾನೇ. ಸರಿಯಾಗಿತ್ತು.

ಆಟೋದಲ್ಲಿ ಪಾತ್ರೆಗಳನ್ನಿಟ್ಟುಕೊಂಡು ಹುಲಸೂರ ರಸ್ತೆಯ ಹೊಲಕ್ಕೆ ಹೋದೆವು. ಭಾವ ಮುಖದ ಅರ್ಧಕ್ಕೆ ಮಫ್ಲರ್ ಸುತ್ತಿಕೊಂಡಿದ್ದ. ಸುತ್ತಲ ಹೊಲಗಳಲ್ಲಿ ಜನವೋ ಜನ. ಸೊಂಟದೆತ್ತರದ ಜೋಳದ ಆಚೆಯಿಂದ ಮಕ್ಕಳ ಕಿರುಚಾಟ, ಯಾರದೋ ಮೊಬೈಲಿನ ಹಾಡು. ಜೋಳದ ಕಣಿಕೆಯಿಂದ ಗುಡಿಸಲಿನಂತೆ ಕಟ್ಟಿದ ಕೊಪ್ಪೆಯೊಳಗೆ ಐದು ಕಲ್ಲಿಗೆ ಸುಣ್ಣ ಹಚ್ಚಿ ಪೂಜೆ ಮಾಡಿದೆವು. ನೈವೇದ್ಯದ ಅಡುಗೆಯನ್ನು ಹೊಲದ ಸುತ್ತ ಚರಗವೆಂದು ಚೆಲ್ಲುತ್ತಾ ಕೂಗುವುದು ಪ್ರತಿ ವರ್ಷ ಭಾವನ ಕೆಲಸ. ಅವನ ದನಿಗೆ ಪಕ್ಕದ ಹೊಲದವರೂ ತಿರುಗಿ ಕೂಗುತ್ತಿದ್ದರು. ಈ ಸಲ ನನ್ನ ಗಂಡ ಬುಟ್ಟಿ ಹಿಡಿದ. ಕೂಗಲು ನಾಚಿಕೊಂಡು, ಕೆಮ್ಮಿದ ಹಾಗೆ ಎರಡು ಸಲ ಏನೋ ಅಂದು ಬೇಗ ಬೇಗ ಒಂದು ಸುತ್ತು ಹಾಕಿ ಬಂದ. ಭಾವ ಬೇವಿನ ಮರದ ಕೆಳಗೆ ಕೂತು ನೋಡುತ್ತಿದ್ದ.

ಆಮೇಲೆ ಅಕ್ಕ ಒಂದು ವಾಟಿಯಲ್ಲಿ ಭಜ್ಜಿ ಹಾಕಿ, ಕಾಳನ್ನು ಬೆರಳಿನಿಂದಲೇ ಹಿಸುಕಿ ನುಣ್ಣಗೆ ಮಾಡಿ, ಭಾವನ ಮುಂದೆ ಕೂತಳು. ಮಫ್ಲರ್ ಸಡಿಲಿಸಿ, ಬೆರಳ ತುದಿಯಿಂದ ಅವನ ನಾಲಿಗೆಗೆ ಹಚ್ಚಿದಳು. ಅವನು ಕಣ್ಣು ಮುಚ್ಚಿದ. ನಾವು ಯಾರೂ ಕೈಯಲ್ಲಿದ್ದ ರೊಟ್ಟಿ ಮುರಿಯಲಿಲ್ಲ. ಬಹಳ ಹೊತ್ತು ಹಾಗೇ ಇದ್ದು ಉಗುಳಿ, ಏನೋ ಅಂದ.

"ಏನಂದ್ರಕ್ಕ?" ಅಂತ ಕೇಳಿದೆ.

"ಉಪ್ಪಿಲ್ಲ ಅಂತಾರ."

ವಾಟಿಗೆ ಉಪ್ಪು ಹಾಕಿ ಕಲಸಿದಳು. ಮತ್ತೆ ಹಚ್ಚಿದಳು. ಅವನು ತಲೆಯಾಡಿಸಿದ. ಮತ್ತೊಂದು ಚಿಟಿಕೆ. ಮತ್ತೆ ತಲೆಯಾಡಿಸಿದ. ಅಕ್ಕ ಎದ್ದು ಹೋಗಿ ಪಾತೇಲಿಯ ಮುಚ್ಚಳ ತೆಗೆದು, ಉಪ್ಪಿನ ಡಬ್ಬಿಯಿಂದ ಒಂದು ಹಿಡಿ ತೆಗೆದು ಅದರೊಳಗೇ ಹಾಕಿ ಸೌಟು ತಿರುವಿದಳು.

"ಅವ್ವಾ, ಸಾಕು ಬಿಡು," ಅಂದಳು ಮಗಳು.

"ಬುಡಕ್ಕ ಕುಂತಿರ್ತದ ಉಪ್ಪು. ಛಲೋ ತಿರುವಿಲ್ಲ ನಾವು."

"ಅದು ಉಪ್ಪಿನ ಮಾತಲ್ಲವ್ವ. ಅಪ್ಪಗ ರುಚಿನೇ ಹತ್ತಂಗಿಲ್ಲ. ಕರೆಂಟ್ ಕೊಟ್ಟ ಮ್ಯಾಲ ಹಂಗ ಆಗ್ತದಂತ ಡಾಕ್ಟರ್ ಹೇಳಿದ್ರಲ್ಲ."

"ನೀ ಸುಮ್ಮ ಕೂಡು!"

ಇನ್ನೊಂದು ಹಿಡಿ ಹಾಕಿದಳು. ಹೊಸ ವಾಟಿಯಲ್ಲಿ ತಂದು ಮತ್ತೆ ಅವನ ನಾಲಿಗೆಗೆ ಹಚ್ಚಿದಳು. ಈ ಸಲ ಭಾವ ಉಗುಳಲಿಲ್ಲ. ವಾಟಿಯನ್ನು ಅವಳ ಕೈಯಿಂದ ಮೆಲ್ಲಗೆ ತೆಗೆದು ಕೆಳಗಿಟ್ಟ. ತುಟಿಯ ಕೊನೆಯಿಂದ ಭಜ್ಜಿ ಇಳಿಯುತ್ತಿತ್ತು. ಮಗಳು ಓಡಿ ಬಂದು ಒರೆಸಿದಳು. ಅವನು ಎದ್ದು, ನಮಗೆ ಬೆನ್ನು ಮಾಡಿ, ಕಡಲೆ ಹೊಲದ ಬದುವಿನ ಮೇಲೆ ಹೋಗಿ ನಿಂತ.

ಅಕ್ಕ ಎಲ್ಲರ ತಟ್ಟೆಗೂ ಭಜ್ಜಿ ಬಡಿಸಿದಳು. ತನಗೂ ಹಾಕಿಕೊಂಡಳು. ಅದನ್ನು ಬಾಯಿಗಿಡಲು ಆಗುವ ಹಾಗಿರಲಿಲ್ಲ. ನನ್ನ ಗಂಡ ಒಂದು ತುತ್ತಿಗೆ ಒಂದು ಲೋಟ ಅಂಬಲಿ ಕುಡಿದ. ಪಕ್ಕದ ಹೊಲದ ಹೆಂಗಸೊಬ್ಬಳು, "ಭಜ್ಜಿ ಹ್ಯಾಂಗ ಆಗ್ಯಾವ್ರಿ ಅಕ್ಕಾರ?" ಎಂದು ಬದುವಿನ ಆಚೆಯಿಂದ ಕೇಳಿದಳು. "ಭಾಳ ಛಲೋ ಆಗ್ಯಾವ್ರಿ," ಅಂದೆ. ಮಗಳು ಅಳುತ್ತಲೇ ಉಂಡಳು. ಅಕ್ಕ ಮಾತ್ರ ತಟ್ಟೆ ಬಳಿದು ಉಂಡು, ಇನ್ನೊಂದು ಸೌಟು ಹಾಕಿಕೊಂಡಳು.

ಸಂಜೆ ಮನೆಯ ಹಿತ್ತಲಲ್ಲಿ ಪಾತ್ರೆ ತಿಕ್ಕುವಾಗ ಅವಳು ತಾನಾಗಿಯೇ ಹೇಳಿದಳು.

"ತಿರುಗಿ ಬಂದದ. ಗಂಟಲದಾಗ. ಹೋದ ವಾರ ಸೊಲ್ಲಾಪುರದಾಗ ಹೇಳಿದ್ರು. ಇನ್ನ ಕೊಯ್ಯಾಕ ಬರಂಗಿಲ್ಲಂತ."

"ಭಾವಗ ಗೊತ್ತದ ಏನು?"

"ನಾ ಹೇಳಿಲ್ಲ. ಅವರು ಕೇಳಿಲ್ಲ." ತಿಕ್ಕಿದ ಪಾತೇಲಿಗೆ ನೀರು ಸುರಿದಳು. "ಒಮ್ಮೆರೆ ಹಬ್ಬದ ಊಟದ ರುಚಿ ಹತ್ತಲಿ ಅಂದಿದ್ದೆ. ಅಷ್ಟ. ಅದೂ ಆಗಲಿಲ್ಲ ನೋಡು."

ಬೇರೆ ಡಾಕ್ಟರಿಗೆ ತೋರಿಸೋಣ ಎಂದರೆ ಅದು ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು. ಅವಳು ತೊಳೆದು ಕೊಟ್ಟ ಪಾತ್ರೆಗಳನ್ನು ಒರೆಸಿ ಬೋರಲು ಹಾಕುತ್ತಾ ಕೂತೆ. ಒಳಗೆ ಭಾವ ಟಿವಿ ಹಾಕಿಕೊಂಡಿದ್ದ. ಅದರ ದನಿ ಎಂದಿಗಿಂತ ಜೋರಾಗಿತ್ತು. ನಾವು ಸಂಕೋಚವಿಲ್ಲದೆ ಮಾತಾಡಿಕೊಳ್ಳಲಿ ಎಂದೋ, ನಮ್ಮ ಮಾತು ತನಗೆ ಕೇಳುವುದೇ ಬೇಡವೆಂದೋ ತಿಳಿಯಲಿಲ್ಲ.

ಶಿವರಾತ್ರಿ ಬರುವ ಮುಂಚೆಯೇ ಅವನು ಹೋದ. ಕಡೆಯ ವಾರ ಪೈಪಿನಲ್ಲಿ ನೀರೂ ಇಳಿಯುತ್ತಿರಲಿಲ್ಲ. ಅಂಗಡಿ ಮುಚ್ಚಿತು. ಹೊಲವನ್ನು ಪಕ್ಕದವರಿಗೆ ಪಾಲಿಗೆ ಕೊಟ್ಟರು. ಮಗಳು ಓದು ಮುಗಿಸಿ ಅಲ್ಲೇ ಕಲಬುರಗಿಯಲ್ಲಿ ಕೆಲಸಕ್ಕೆ ಸೇರಿದಳು.

ಮರುವರ್ಷ ಎಳ್ಳಮಾವಾಸ್ಯೆಗೆ ಅಕ್ಕನನ್ನು ಹುಮನಾಬಾದಿಗೆ ಕರೆದೆ. ಬಂದಳು. ನಾನು ಏನೂ ಹಬ್ಬ ಮಾಡಿರಲಿಲ್ಲ, ಅನ್ನ ಸಾರು ಮಾಡಿದ್ದೆ. ಉಂಡು, ಗೋಡೆಯ ಕಡೆ ಮುಖ ಮಾಡಿ ಮಲಗಿದವಳು ಸಂಜೆ ದೀಪ ಹಚ್ಚುವ ಹೊತ್ತಿಗೂ ಏಳಲಿಲ್ಲ. ನಿದ್ದೆ ಬಂದಿದೆಯೆಂದು ಹೊದಿಕೆ ಹಾಕಲು ಹೋದೆ. ಕಣ್ಣು ತೆರೆದೇ ಇದ್ದಳು.

"ಏಳಕ್ಕ, ಚಾ ಮಾಡ್ತೀನಿ," ಅಂದೆ.

"ಯಾಕ ಏಳಬೇಕು?" ಅಂದಳು.

ಸಿಟ್ಟಿನಿಂದ ಕೇಳಿದ್ದಲ್ಲ. ಉತ್ತರ ಇದ್ದರೆ ತಿಳಿದುಕೊಳ್ಳೋಣ ಎನ್ನುವ ಹಾಗೆ ಕೇಳಿದ್ದಳು. ಅವಳ ಪಕ್ಕದಲ್ಲೇ ಕೂತೆ.